ಒಂದೇ ಮಾತ್ರೆ, ಒಂದು ಕಡೆ ಸಾವಿರ ಡಾಲರ್, ಇನ್ನೊಂದು ಕಡೆ ಹನ್ನೊಂದು: ಸೊಫೋಸ್ಬುವಿರ್ ಪ್ರಕರಣ

ಔಷಧಿ ದರ ದೇಶದಿಂದ ದೇಶಕ್ಕೆ ಯಾಕೆ ಇಷ್ಟೊಂದು ಬದಲಾಗುತ್ತದೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಸಂಶೋಧನೆಗೆ ತುಂಬಾ ಖರ್ಚಾಗುತ್ತದೆ ಅನ್ನುವುದು ಒಂದು. ಕಂಪನಿಗಳಿಗೆ ದುರಾಸೆ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಅಂತರ ಯಾಕೆ ಅನ್ನುವುದಕ್ಕೆ ಎರಡೂ ಉತ್ತರವಾಗುವುದಿಲ್ಲ. ಅದೇ ಕಂಪನಿ, ಅದೇ ಮಾತ್ರೆ, ಅದೇ ವರ್ಷ. ಸಂಶೋಧನೆಯ ಖರ್ಚೂ ಅದೇ, ದುರಾಸೆಯೂ ಅದೇ. ಹಾಗಿದ್ದ ಮೇಲೆ ಪೂರ್ತಿ ಚಿಕಿತ್ಸೆಗೆ ಅಮೆರಿಕದಲ್ಲಿ 84,000 ಡಾಲರ್, ಈಜಿಪ್ಟ್‌ನಲ್ಲಿ 900 ಡಾಲರ್ ಹೇಗಾಯಿತು?

ಇದನ್ನು ಬಿಡಿಸಿ ನೋಡಲು ಸೊಫೋಸ್ಬುವಿರ್ ಅನ್ನುವ ಮಾತ್ರೆಗಿಂತ ಒಳ್ಳೆ ಪ್ರಕರಣ ನನಗೆ ಸಿಕ್ಕಿಲ್ಲ. ದರ ನಿಗದಿ ಮಾಡುವಾಗ ಕಂಪನಿಯ ಒಳಗೆ ಏನು ಮಾತಾಯಿತು ಅನ್ನುವ ಕಾಗದಪತ್ರ ಸಾಮಾನ್ಯವಾಗಿ ಯಾರ ಕೈಗೂ ಸಿಗುವುದಿಲ್ಲ. ಇಲ್ಲಿ ಸಿಕ್ಕಿದೆ.

ಕಾಯಿಲೆ ಮತ್ತು ಮಾತ್ರೆ

ಹೆಪಟೈಟಿಸ್ ಸಿ ಲಿವರ್‌ಗೆ ತಗಲುವ ವೈರಸ್. ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಪತ್ತೆಯಾಗಿದ್ದು 1989ರಲ್ಲಿ. ಬಂದವರಿಗೆ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಒಳಗೊಳಗೇ ಲಿವರ್ ಗಾಯವಾಗಿ, ಗಟ್ಟಿಯಾಗಿ, ಕೆಲವರಿಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ತನಕ ಹೋಗುತ್ತದೆ. ಮೊದಲಿದ್ದ ಚಿಕಿತ್ಸೆ ಅಂದರೆ ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವೈರಿನ್ ಮಾತ್ರೆ, ಅದೂ 24ರಿಂದ 48 ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಖಿನ್ನತೆ. ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದರು. ಪೂರ್ತಿ ಮಾಡಿದರೂ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮಾತ್ರ ಗುಣ.

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೋಸ್ಬುವಿರ್‌ಗೆ ಅನುಮತಿ ಸಿಕ್ಕಿತು. ಕಂಪನಿ ಗಿಲಿಯಡ್, ಮಾತ್ರೆಯ ಹೆಸರು ಸೊವಾಲ್ಡಿ. ದಿನಕ್ಕೊಂದು 400 ಮಿಲಿಗ್ರಾಂ ಮಾತ್ರೆ, 12 ವಾರ, ಒಟ್ಟು 84 ಮಾತ್ರೆ. ಬೇರೆ ಔಷಧಿ ಜೊತೆ ಸೇರಿಸಿ ಕೊಟ್ಟರೆ ಹತ್ತರಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು ಗುಣ. ಕಾಯಿಲೆಯನ್ನು ಹತೋಟಿಯಲ್ಲಿ ಇಡುವ ಮಾತ್ರೆ ಇದಲ್ಲ, ವೈರಸ್ಸೇ ಮೈಯಿಂದ ಹೋಗಿಬಿಡುತ್ತದೆ. ವೈದ್ಯಕೀಯದಲ್ಲಿ ಇಂಥದ್ದು ದಿನಾ ನಡೆಯುವುದಿಲ್ಲ, ಆ ಸಾಧನೆಯ ಬಗ್ಗೆ ನನಗೆ ಪೂರ್ತಿ ಗೌರವ ಇದೆ.

ಅಮೆರಿಕದಲ್ಲಿ ಇಟ್ಟ ದರ ಮಾತ್ರೆಗೆ 1,000 ಡಾಲರ್.

ಆ ಸಾವಿರ ಎಲ್ಲಿಂದ ಬಂತು?

ಈ ಮಾತ್ರೆಯನ್ನು ಕಂಡುಹಿಡಿದದ್ದು ಗಿಲಿಯಡ್ ಅಲ್ಲ, ಫಾರ್ಮಾಸೆಟ್ ಅನ್ನುವ ಸಣ್ಣ ಕಂಪನಿ. 2011ರ ಕೊನೆಗೆ ಗಿಲಿಯಡ್ ಅದನ್ನು ಸುಮಾರು 1,100 ಕೋಟಿ ಡಾಲರ್ ಕೊಟ್ಟು ಕೊಂಡುಕೊಳ್ಳಲು ಒಪ್ಪಿತು. ಆಗ ಮಾತ್ರೆಗೆ ಅನುಮತಿ ಇನ್ನೂ ಸಿಕ್ಕಿರಲಿಲ್ಲ.

ಅಮೆರಿಕದ ಸೆನೆಟ್ಟಿನ ಹಣಕಾಸು ಸಮಿತಿಯಿಂದ ರಾನ್ ವೈಡನ್ ಮತ್ತು ಚಕ್ ಗ್ರಾಸ್ಲಿ, ಒಬ್ಬರು ಡೆಮಾಕ್ರಟ್ ಒಬ್ಬರು ರಿಪಬ್ಲಿಕನ್, ಸೇರಿ ಹದಿನೆಂಟು ತಿಂಗಳು ತನಿಖೆ ಮಾಡಿ, ಕಂಪನಿಯ ಒಳಗಿನ ಸುಮಾರು 20,000 ಪುಟ ಕಾಗದಪತ್ರ ನೋಡಿ, 2015ರ ಡಿಸೆಂಬರ್‌ನಲ್ಲಿ ವರದಿ ಹೊರತಂದರು. ಅದರಲ್ಲಿ ಗೊತ್ತಾದ ಒಂದು ವಿಷಯ ಇದು: ಫಾರ್ಮಾಸೆಟ್ ತಾನೇ ಮಾರುವುದಾಗಿದ್ದರೆ ಅಮೆರಿಕದಲ್ಲಿ ಪೂರ್ತಿ ಚಿಕಿತ್ಸೆಗೆ 36,000 ಡಾಲರ್ ಇಡಬಹುದು ಅಂತ ಲೆಕ್ಕ ಹಾಕಿತ್ತು. ಗಿಲಿಯಡ್ ಕೈಗೆ ಬಂದ ಮೇಲೆ ಅದು 84,000 ಆಯಿತು.

ಹೆಚ್ಚಾದದ್ದು ಯಾಕೆ ಅನ್ನುವುದೂ ಆ ಕಾಗದಗಳಲ್ಲಿದೆ. ಇಂತಿಷ್ಟು ದರ ಇಟ್ಟರೆ ವಿಮಾ ಕಂಪನಿಗಳು ಏನು ಮಾಡುತ್ತವೆ, ಡಾಕ್ಟರುಗಳು ಏನನ್ನುತ್ತಾರೆ, ರೋಗಿಗಳ ಸಂಘಟನೆಗಳು ಎಷ್ಟು ಗಲಾಟೆ ಮಾಡುತ್ತವೆ ಅಂತ ಒಂದೊಂದು ದರಕ್ಕೂ ಅಳೆದು ನೋಡಿದ್ದರು. ಮಾರುಕಟ್ಟೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದೇ ಪ್ರಶ್ನೆ. ಇನ್ನೂ ಒಂದು ಕಾರಣ ಇತ್ತು. ಹಿಂದೆಯೇ ಬರಲಿದ್ದ ಎರಡನೇ ಮಾತ್ರೆ ಹಾರ್ವೊನಿಗೆ ಇದಕ್ಕಿಂತ ಜಾಸ್ತಿ ದರ ಇಡಬೇಕಿತ್ತು. ಅದಕ್ಕೆ ಮೊದಲನೆಯದೇ ಎತ್ತರದಲ್ಲಿ ಇರಬೇಕು. 2014ರ ಅಕ್ಟೋಬರ್‌ನಲ್ಲಿ ಹಾರ್ವೊನಿ ಬಂತು, ದರ 94,500 ಡಾಲರ್.

ತಯಾರಿಕೆಗೆ ಎಷ್ಟಾಗುತ್ತದೆ? ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಜೊತೆಗಾರರು 2014ರಲ್ಲಿ ಲೆಕ್ಕ ಹಾಕಿದ್ದರು. ಕಚ್ಚಾ ವಸ್ತು, ರಾಸಾಯನಿಕ ಪ್ರಕ್ರಿಯೆ ಎಲ್ಲ ಹಿಡಿದು, ದೊಡ್ಡ ಪ್ರಮಾಣದಲ್ಲಿ ಮಾಡಿದರೆ 12 ವಾರದ ಮಾತ್ರೆಗಳಿಗೆ 68ರಿಂದ 136 ಡಾಲರ್. ಅಂದರೆ ಒಂದು ಮಾತ್ರೆಗೆ ಹೆಚ್ಚೆಂದರೆ ಒಂದೂವರೆ ಡಾಲರ್ ಆಸುಪಾಸು.

ಕಂಪನಿಯ ಪರವಾಗಿ ಹೇಳುವವರ ಮಾತನ್ನೂ ಕೇಳಬೇಕು. ಮಾತ್ರೆಯ ಬೆಲೆ ಅಂದರೆ ಬರೀ ಪುಡಿಯ ಬೆಲೆ ಅಲ್ಲ, ಸೋತುಹೋದ ಹತ್ತಾರು ಪ್ರಯೋಗಗಳ ಖರ್ಚೂ ಅದರಲ್ಲಿ ಸೇರಬೇಕು ಅನ್ನುತ್ತಾರೆ. ಸರಿ. ಲಿವರ್ ಕಸಿ ಮಾಡಿಸುವ ಖರ್ಚಿಗೆ ಹೋಲಿಸಿದರೆ ಇದು ಉಳಿತಾಯವೇ ಅನ್ನುತ್ತಾರೆ. ಅದೂ ಲೆಕ್ಕದಲ್ಲಿ ತಪ್ಪಲ್ಲ. ಆದರೆ 1,100 ಕೋಟಿ ಕೊಟ್ಟು ಕೊಂಡಿದ್ದೇವೆ, ಅದಕ್ಕೇ ಇಷ್ಟು ದರ ಅನ್ನುವ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ ಎಷ್ಟು ದರ ಇಟ್ಟರೂ ನಡೆಯುತ್ತದೆ ಅಂತ ಗೊತ್ತಿದ್ದದ್ದರಿಂದಲೇ ಫಾರ್ಮಾಸೆಟ್‌ಗೆ 1,100 ಕೋಟಿ ಬೆಲೆ ಬಂತು. ಆಮೇಲೆ ಅದನ್ನೇ ದರಕ್ಕೆ ಕಾರಣ ಅಂತ ತೋರಿಸಿದರೆ ಹೇಗೆ? ಅಷ್ಟಕ್ಕೂ ಆ ದುಡ್ಡು ಎಷ್ಟು ಬೇಗ ವಾಪಸ್ ಬಂತು ನೋಡಿ. ಹೆಪಟೈಟಿಸ್ ಸಿ ಔಷಧಿಗಳಿಂದ ಗಿಲಿಯಡ್ ಮಾರಾಟ 2014ರಲ್ಲಿ ಸುಮಾರು 1,240 ಕೋಟಿ ಡಾಲರ್, 2015ರಲ್ಲಿ ಸುಮಾರು 1,910 ಕೋಟಿ.

ಅಮೆರಿಕ: ಬೇಡ ಅನ್ನಲಾಗದ ಗಿರಾಕಿ

ಅಮೆರಿಕದಲ್ಲಿ ಹೊಸ ಔಷಧಿಗೆ ಅನುಮತಿ ಕೊಡುವ ಸಂಸ್ಥೆ ದರವನ್ನು ನೋಡುವುದೇ ಇಲ್ಲ. ಔಷಧಿ ಕೆಲಸ ಮಾಡುತ್ತದಾ, ಸುರಕ್ಷಿತವಾ, ಅಷ್ಟೇ. ದರ ಇಡುವುದು ಕಂಪನಿಯ ಇಷ್ಟ. ಕೊಳ್ಳುವವರು ಒಬ್ಬರಲ್ಲ. ನೂರಾರು ಖಾಸಗಿ ವಿಮಾ ಕಂಪನಿಗಳು, ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ರಾಜ್ಯಗಳು ನಡೆಸುವ ಮೆಡಿಕೇಡ್, ಮಾಜಿ ಸೈನಿಕರಿಗೆ ಬೇರೆ, ಜೈಲುಗಳಿಗೆ ಬೇರೆ. ಎಲ್ಲರೂ ತಮ್ಮ ತಮ್ಮ ಚೌಕಾಸಿ ತಾವೇ ಮಾಡಿಕೊಳ್ಳಬೇಕು.

ಇದರಲ್ಲಿ ಅತಿ ದೊಡ್ಡ ಗಿರಾಕಿ ಮೆಡಿಕೇರ್‌ನ ಕೈಯನ್ನು 2003ರ ಕಾನೂನೇ ಕಟ್ಟಿಹಾಕಿತ್ತು. ಔಷಧಿ ದರದ ಬಗ್ಗೆ ಸರ್ಕಾರ ಕಂಪನಿ ಜೊತೆ ನೇರ ಮಾತುಕತೆ ನಡೆಸುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಮೆಡಿಕೇಡ್‌ಗೆ ಕಾನೂನಿನ ಪ್ರಕಾರ ಕನಿಷ್ಠ ಶೇಕಡಾ 23.1ರಷ್ಟು ರಿಯಾಯಿತಿ ಸಿಗುತ್ತದೆ, ಅದು ನಿಜ. ಆದರೆ ಅದಕ್ಕೆ ಬದಲಾಗಿ ಅನುಮತಿ ಸಿಕ್ಕ ಔಷಧಿಗಳನ್ನೆಲ್ಲ ಹೆಚ್ಚುಕಡಿಮೆ ಕೊಡಲೇಬೇಕು. ಅಂಗಡಿಯಿಂದ ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯ ಇಲ್ಲದ ಗಿರಾಕಿಗೆ ಅಂಗಡಿಯವ ಯಾಕೆ ಇಳಿಸುತ್ತಾನೆ?

ದರಕ್ಕೆ ಬೇಡ ಅನ್ನಲು ಆಗದ ರಾಜ್ಯಗಳು ರೋಗಿಗಳಿಗೆ ಬೇಡ ಅಂದವು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಭಾಗ ಇದು. ಲಿವರ್ ಎಷ್ಟು ಗಾಯವಾಗಿದೆ ಅಂತ ಅಳೆಯಲು ಎಫ್ 0ಯಿಂದ ಎಫ್ 4ರವರೆಗೆ ಒಂದು ಅಳತೆ ಇದೆ. ಸೊನ್ನೆ ಅಂದರೆ ಗಾಯ ಇಲ್ಲ, ನಾಲ್ಕು ಅಂದರೆ ಸಿರೋಸಿಸ್. ಹಲವು ರಾಜ್ಯಗಳ ಮೆಡಿಕೇಡ್ ಎಫ್ 3 ಅಥವಾ ಎಫ್ 4 ಮುಟ್ಟಿದವರಿಗೆ ಮಾತ್ರ ಮಾತ್ರೆ ಅಂತ ನಿಯಮ ಮಾಡಿದವು. ಎಫ್ 1ರಲ್ಲಿರುವ ರೋಗಿ ಡಾಕ್ಟರ ಎದುರು ಕೂತಿದ್ದಾನೆ ಅಂದುಕೊಳ್ಳಿ. ವೈರಸ್ ಇದೆ ಅಂತ ಪರೀಕ್ಷೆ ಹೇಳಿದೆ. ಅದನ್ನು ಹನ್ನೆರಡು ವಾರದಲ್ಲಿ ಓಡಿಸುವ ಮಾತ್ರೆ ಇದೆ ಅಂತ ಇಬ್ಬರಿಗೂ ಗೊತ್ತು. ಆದರೂ ಡಾಕ್ಟರು ಹೇಳಬೇಕಾದ್ದು ಒಂದೇ, ನಿಮ್ಮ ಲಿವರ್ ಇನ್ನೂ ಅಷ್ಟು ಹಾಳಾಗಿಲ್ಲ, ಹಾಳಾದ ಮೇಲೆ ಬನ್ನಿ. ಕೆಲವು ರಾಜ್ಯಗಳಲ್ಲಿ ಇಂತಿಷ್ಟು ತಿಂಗಳು ಮದ್ಯ, ಮಾದಕ ವಸ್ತು ಮುಟ್ಟಿಲ್ಲ ಅಂತಲೂ ತೋರಿಸಬೇಕಿತ್ತು. ಸೆನೆಟ್ ವರದಿಯ ಪ್ರಕಾರ 2014ರಲ್ಲಿ ಮೆಡಿಕೇಡ್ ಈ ಒಂದು ಮಾತ್ರೆಗೆ 100 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿಯಿತು. ಇಷ್ಟಾದರೂ ಕಾಯಿಲೆ ಇದ್ದ ಫಲಾನುಭವಿಗಳಲ್ಲಿ ಚಿಕಿತ್ಸೆ ಸಿಕ್ಕಿದ್ದು ಶೇಕಡಾ 2.4ಕ್ಕಿಂತ ಕಡಿಮೆ ಜನಕ್ಕೆ.

ಯುರೋಪಿನ ಶ್ರೀಮಂತ ದೇಶಗಳಲ್ಲೂ ದರ ಕಡಿಮೆಯೇನೂ ಇರಲಿಲ್ಲ. ಆದರೆ ಅಲ್ಲಿ ಇಡೀ ದೇಶದ ಪರವಾಗಿ ಒಬ್ಬರೇ ಮಾತಾಡುತ್ತಾರೆ. ಫ್ರಾನ್ಸ್ ಸರ್ಕಾರ 2014ರ ನವೆಂಬರ್‌ನಲ್ಲಿ ಚೌಕಾಸಿ ಮಾಡಿ 12 ವಾರಕ್ಕೆ 41,000 ಯುರೋಗೆ ಇಳಿಸಿತು. ಇಂಗ್ಲೆಂಡ್‌ನಲ್ಲಿ ಪಟ್ಟಿಯಲ್ಲಿದ್ದ ದರ ಸುಮಾರು 35,000 ಪೌಂಡ್, ಒಳಗೊಳಗಿನ ರಿಯಾಯಿತಿ ಬೇರೆ. ಈ ರಿಯಾಯಿತಿಗಳು ಗುಟ್ಟಾಗಿ ಇರುವುದಕ್ಕೂ ಕಾರಣ ಇದೆ. ಎಷ್ಟೋ ದೇಶಗಳು ಪಕ್ಕದ ದೇಶದ ದರ ನೋಡಿ ತಮ್ಮ ದರ ಕಟ್ಟುತ್ತವೆ. ಒಂದು ಕಡೆ ಬಹಿರಂಗವಾಗಿ ಇಳಿಸಿದರೆ ಎಲ್ಲ ಕಡೆ ಇಳಿಸಬೇಕಾಗುತ್ತದೆ. ಅದಕ್ಕೇ ಪಟ್ಟಿಯ ದರ ಮೇಲೆಯೇ ಇರುತ್ತದೆ, ನಿಜವಾದ ದರ ಯಾರಿಗೂ ಕಾಣುವುದಿಲ್ಲ.

ಈಜಿಪ್ಟ್: ಎದ್ದು ಹೋಗಬಲ್ಲ ಗಿರಾಕಿ

ಈಜಿಪ್ಟ್‌ನ ಕಥೆ ಶುರುವಾಗುವುದು ಇನ್ನೊಂದು ಕಾಯಿಲೆಯಿಂದ. ನೈಲ್ ನದಿಯ ಕಾಲುವೆ ನೀರಿನಿಂದ ಬರುವ ಶಿಸ್ಟೊಸೋಮಿಯಾಸಿಸ್ ಅನ್ನುವ ಹುಳುವಿನ ಕಾಯಿಲೆ ಅಲ್ಲಿ ಬಹಳ ಹಳೆಯದು. ಅದನ್ನು ಓಡಿಸಲು 1950ರ ದಶಕದಿಂದ 1980ರ ದಶಕದವರೆಗೆ ಸರ್ಕಾರ ಹಳ್ಳಿ ಹಳ್ಳಿಯಲ್ಲಿ ಸಾಮೂಹಿಕವಾಗಿ ಇಂಜೆಕ್ಷನ್ ಕೊಡಿಸಿತು. ಸಿರಿಂಜ್‌ಗಳನ್ನು ಸರಿಯಾಗಿ ಕುದಿಸದೆ ಒಬ್ಬರಾದ ಮೇಲೆ ಒಬ್ಬರಿಗೆ ಬಳಸಿದರು. ಆ ಹೊತ್ತಿಗೆ ಹೆಪಟೈಟಿಸ್ ಸಿ ಅನ್ನುವ ವೈರಸ್ ಇದೆ ಅಂತ ಜಗತ್ತಿಗೇ ಗೊತ್ತಿರಲಿಲ್ಲ. ಒಳ್ಳೆಯದು ಮಾಡಲು ಹೋದ ಅಭಿಯಾನವೇ ವೈರಸ್ಸನ್ನು ಊರೂರಿಗೆ ಹಂಚಿತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನವರ ಪೈಕಿ ಸುಮಾರು ಶೇಕಡಾ 15ರಷ್ಟು ಜನರ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತು. ಜಗತ್ತಿನಲ್ಲೇ ಅತಿ ಹೆಚ್ಚು.

ಹೀಗಾಗಿ ಹೊಸ ಮಾತ್ರೆ ಬರುವ ಮೊದಲೇ ಅಲ್ಲಿ ಸಿದ್ಧತೆ ಇತ್ತು. 2006ರಿಂದಲೇ ಇದಕ್ಕೆಂದು ರಾಷ್ಟ್ರೀಯ ಸಮಿತಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಚಿಕಿತ್ಸಾ ಕೇಂದ್ರಗಳು, ರೋಗಿಗಳ ದಾಖಲೆ. ಗಿಲಿಯಡ್ ಜೊತೆ ಮಾತುಕತೆಗೆ ಕೂತಾಗ ಈಜಿಪ್ಟ್‌ನ ಕೈಯಲ್ಲಿ ಎರಡು ಬಲ ಇತ್ತು. ಒಂದು, ಲಕ್ಷಗಟ್ಟಲೆ ರೋಗಿಗಳ ಪರವಾಗಿ ಒಬ್ಬನೇ ಗಿರಾಕಿ. ಎರಡನೆಯದು ಇನ್ನೂ ದೊಡ್ಡದು. ಅಲ್ಲಿನ ಪೇಟೆಂಟ್ ಕಚೇರಿ ಈ ಔಷಧಿಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ಅಂದರೆ ದರ ಹೊಂದದಿದ್ದರೆ ದೇಶದೊಳಗಿನ ಕಂಪನಿಗಳೇ ಅದೇ ಮಾತ್ರೆ ಮಾಡಬಹುದು.

2014ರಲ್ಲಿ ಒಪ್ಪಂದ ಆಯಿತು. 28 ಮಾತ್ರೆಯ ಒಂದು ಡಬ್ಬಿಗೆ 300 ಡಾಲರ್, ಮೂರು ಡಬ್ಬಿಗೆ 900. ಅಮೆರಿಕದ ದರಕ್ಕಿಂತ ಶೇಕಡಾ 99ರಷ್ಟು ಕಡಿಮೆ. ಇದನ್ನು ದಾನ ಅಂತ ಬಣ್ಣಿಸಿದವರೂ ಇದ್ದಾರೆ. ಆದರೆ ಆಂಡ್ರ್ಯೂ ಹಿಲ್ ಅವರ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ, 900 ಡಾಲರ್ ಅಂದರೂ ತಯಾರಿಕೆ ಖರ್ಚಿನ ಆರು ಪಟ್ಟಿಗಿಂತ ಹೆಚ್ಚು.

ಕಂಪನಿಗೆ ಇಲ್ಲಿ ಇದ್ದ ಭಯ ಬೇರೆ. ಹನ್ನೊಂದು ಡಾಲರ್‌ನ ಮಾತ್ರೆ ಸಾವಿರ ಡಾಲರ್ ದರ ಇರುವ ಕಡೆ ಹೋಗಿಬಿಟ್ಟರೆ? ಅದನ್ನು ತಡೆಯಲು ಈಜಿಪ್ಟ್‌ನ ಔಷಧಿ ಕೇಂದ್ರಗಳಲ್ಲಿ ನಿಯಮ ಇತ್ತು. ಹೊಸ ಡಬ್ಬಿ ಬೇಕಾದರೆ ಹಳೇ ಖಾಲಿ ಡಬ್ಬಿ ವಾಪಸ್ ಕೊಡಬೇಕು. ಹೊಸ ಡಬ್ಬಿಯ ಸೀಲನ್ನು ಅಲ್ಲೇ, ಫಾರ್ಮಸಿಸ್ಟ್ ಎದುರಿಗೇ ಒಡೆದು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಬೇಕು. ಸೀಲ್ ಒಡೆದ ಡಬ್ಬಿಗೆ ಕಾಳಸಂತೆಯಲ್ಲಿ ಬೆಲೆ ಇಲ್ಲ ಅಲ್ವಾ, ಅದಕ್ಕೆ. ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ದರ ಇಡಬೇಕಾದರೆ ನಡುವೆ ಗಟ್ಟಿ ಗೋಡೆ ಬೇಕೇ ಬೇಕು. ಎರಡು ದರಗಳ ನಡುವಿನ ಆ ಗೋಡೆ ಕಣ್ಣಿಗೆ ಕಾಣುವ ಜಾಗ ಅಂದರೆ ಆ ಫಾರ್ಮಸಿಯ ಕಟ್ಟೆ.

2015ರಲ್ಲಿ ಈಜಿಪ್ಟ್ ಕಂಪನಿಗಳ ಜೆನೆರಿಕ್ ಮಾತ್ರೆ, ಅಂದರೆ ಅದೇ ಔಷಧಿಯನ್ನು ಬೇರೆ ಕಂಪನಿಗಳು ಮಾಡಿದ್ದು, ಬಂತು. ಒಂದು ಕಂಪನಿ ಬಂದ ಮೇಲೆ ಇನ್ನೊಂದು, ದರ ಇಳಿಯುತ್ತಲೇ ಹೋಯಿತು. ಕೆಲವೇ ವರ್ಷದಲ್ಲಿ ಸರ್ಕಾರ ಕೊಡುವ ಪೂರ್ತಿ ಚಿಕಿತ್ಸೆಯ ದರ 100 ಡಾಲರ್‌ಗಿಂತ ಕೆಳಗೆ ಬಂತು. ಅಷ್ಟು ಅಗ್ಗವಾದ ಮೇಲೆ ಲಿವರ್ ಹಾಳಾಗಲಿ ಅಂತ ಕಾಯುವ ಪ್ರಶ್ನೆಯೇ ಇಲ್ಲ. 2018ರ ಅಕ್ಟೋಬರ್‌ನಿಂದ 2019ರ ಏಪ್ರಿಲ್‌ವರೆಗೆ ಸುಮಾರು ಐದು ಕೋಟಿ ವಯಸ್ಕರ ರಕ್ತ ಪರೀಕ್ಷೆ ಮಾಡಿ, ಸೋಂಕು ಇದ್ದವರಿಗೆ ಉಚಿತವಾಗಿ ಮಾತ್ರೆ ಕೊಟ್ಟರು.

ನಡುವೆ ಸಿಕ್ಕಿಬಿದ್ದವರು

ಬಡ ದೇಶಗಳಿಗೆ ಗಿಲಿಯಡ್ ಇನ್ನೊಂದು ದಾರಿ ಮಾಡಿತು. 2014ರ ಸೆಪ್ಟೆಂಬರ್‌ನಲ್ಲಿ ಭಾರತದ ಏಳು ಜೆನೆರಿಕ್ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಮಾಡಿ, ಮಾರಿ, ರಾಯಲ್ಟಿ ಕೊಡಿ, ಆದರೆ ಪಟ್ಟಿಯಲ್ಲಿರುವ 91 ದೇಶಗಳಿಗೆ ಮಾತ್ರ. ಒಳ್ಳೆ ಕೆಲಸವೇ. ತೊಂದರೆ ಇದ್ದದ್ದು ಪಟ್ಟಿಯ ಹೊರಗೆ. ಚೀನಾ, ಬ್ರೆಜಿಲ್, ಥಾಯ್ಲೆಂಡ್, ಮಲೇಷ್ಯಾದಂಥ ದೇಶಗಳು ಅದರಲ್ಲಿ ಇರಲಿಲ್ಲ. ಶ್ರೀಮಂತ ದೇಶದ ದರ ಕೊಡಲು ಇವರಿಗೆ ಆಗುವುದಿಲ್ಲ, ಬಡ ದೇಶದ ದರ ಇವರಿಗೆ ಕೊಡುವುದಿಲ್ಲ. ಔಷಧಿ ದರದ ಮಾತು ಬಂದಾಗಲೆಲ್ಲ ಅಮೆರಿಕದ ಸುದ್ದಿ ಜೋರಾಗಿ ಕೇಳುತ್ತದೆ, ಈ ನಡುವಿನ ದೇಶಗಳ ರೋಗಿಗಳ ಮಾತು ಕೇಳುವವರು ಕಡಿಮೆ.

ಮಲೇಷ್ಯಾ ಏನು ಮಾಡಿತು ಅನ್ನುವುದು ಕಲಿಯುವಂಥದ್ದು. ಪೇಟೆಂಟ್ ಇದ್ದರೂ ಸಾರ್ವಜನಿಕ ಆಸ್ಪತ್ರೆಗಳಿಗಾಗಿ ಸರ್ಕಾರವೇ ಜೆನೆರಿಕ್ ತರಿಸಿಕೊಳ್ಳಲು ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳಲ್ಲೇ ಅವಕಾಶ ಇದೆ. ಆ ದಾರಿ ಹಿಡಿಯಲು ಮಲೇಷ್ಯಾ ತಯಾರಿ ನಡೆಸಿತು. 2017ರ ಆಗಸ್ಟ್‌ನಲ್ಲಿ ಗಿಲಿಯಡ್ ಮಲೇಷ್ಯಾ, ಥಾಯ್ಲೆಂಡ್, ಉಕ್ರೇನ್ ಮತ್ತು ಬೆಲಾರುಸ್‌ಗಳನ್ನು ಪಟ್ಟಿಗೆ ಸೇರಿಸಿತು. ಮಲೇಷ್ಯಾ ಅಷ್ಟಕ್ಕೇ ನಿಲ್ಲದೆ ಸೆಪ್ಟೆಂಬರ್‌ನಲ್ಲಿ ತನ್ನ ಅಧಿಕಾರ ಬಳಸುವುದಾಗಿ ಘೋಷಿಸಿಯೂಬಿಟ್ಟಿತು.

ಆಸ್ಟ್ರೇಲಿಯಾದ್ದು ಶ್ರೀಮಂತ ದೇಶದ ಬೇರೆಯೇ ಉಪಾಯ. ಮಾತ್ರೆಗೆ ಇಷ್ಟು ಅಂತ ಚೌಕಾಸಿ ಮಾಡುವ ಬದಲು ಐದು ವರ್ಷಕ್ಕೆ ಒಟ್ಟು ಇಷ್ಟು ದುಡ್ಡು, ಎಷ್ಟು ಜನಕ್ಕೆ ಬೇಕಾದರೂ ಕೊಡುತ್ತೇವೆ ಅಂತ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಒಟ್ಟು ಮೊತ್ತ 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು. 2016ರ ಮಾರ್ಚ್‌ನಿಂದ ಜಾರಿ. ಇದರಿಂದ ಸರ್ಕಾರದ ಲೆಕ್ಕವೇ ತಲೆಕೆಳಗಾಯಿತು. ಮೊದಲಾಗಿದ್ದರೆ ಒಬ್ಬೊಬ್ಬ ರೋಗಿಯೂ ಹೊಸ ಖರ್ಚು. ಈಗ ಜಾಸ್ತಿ ಜನಕ್ಕೆ ಕೊಟ್ಟಷ್ಟೂ ತಲಾ ಖರ್ಚು ಕಡಿಮೆ. ಹಾಗಾಗಿ ಲಿವರ್ ಎಷ್ಟು ಹಾಳಾಗಿದೆ ಅಂತ ಕೇಳಲಿಲ್ಲ, ಮಾದಕ ವಸ್ತು ಚುಚ್ಚಿಕೊಳ್ಳುವವರನ್ನೂ ಜೈಲಿನಲ್ಲಿ ಇರುವವರನ್ನೂ ಬಿಡಲಿಲ್ಲ, ಸಾಮಾನ್ಯ ಡಾಕ್ಟರುಗಳಿಗೂ ಬರೆದುಕೊಡಲು ಅನುಮತಿ ಕೊಟ್ಟರು. ಮೊದಲ ವರ್ಷವೇ 30,000ಕ್ಕಿಂತ ಹೆಚ್ಚು ಜನ ಚಿಕಿತ್ಸೆ ಪಡೆದರು.

ಆಮೇಲೆ ಅಮೆರಿಕದಲ್ಲಿ

ಅಲ್ಲೂ ದರ ಇಳಿಯಿತು. ಇಳಿಸಿದ್ದು ಸರ್ಕಾರ ಅಲ್ಲ, ಪೈಪೋಟಿ. 2014ರ ಡಿಸೆಂಬರ್‌ನಲ್ಲಿ ಆಬ್‌ವಿ ಕಂಪನಿಯ ಔಷಧಿ ಬಂತು. ವಿಮಾ ಕಂಪನಿಗಳ ಪರವಾಗಿ ಔಷಧಿ ಕೊಳ್ಳುವ ದೊಡ್ಡ ಮಧ್ಯವರ್ತಿ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ತಕ್ಷಣ ಗಿಲಿಯಡ್ ಬಿಟ್ಟು ಆ ಕಡೆ ಹಾರಿತು. ಮೊದಲ ಸಲ ಒಬ್ಬ ಗಿರಾಕಿ ನಿನ್ನ ಮಾತ್ರೆ ಬೇಡ ಅಂದಿದ್ದ. ಗಿಲಿಯಡ್‌ನ ಸರಾಸರಿ ರಿಯಾಯಿತಿ 2014ರಲ್ಲಿ ಶೇಕಡಾ 22 ಇದ್ದದ್ದು 2015ಕ್ಕೆ ಶೇಕಡಾ 46 ಆಗಲಿದೆ ಅಂತ ಕಂಪನಿಯೇ ಹೇಳಿತು. ಸಂಶೋಧನೆಯ ಖರ್ಚು ಆ ಒಂದು ವರ್ಷದಲ್ಲಿ ಏನೂ ಬದಲಾಗಿರಲಿಲ್ಲ. 2017ರಲ್ಲಿ ಆಬ್‌ವಿಯ ಇನ್ನೊಂದು ಔಷಧಿ 8 ವಾರಕ್ಕೆ 26,400 ಡಾಲರ್ ದರದಲ್ಲಿ ಬಂತು. 2019ರಲ್ಲಿ ಗಿಲಿಯಡ್ ತನ್ನದೇ ಹಾರ್ವೊನಿಯ ಜೆನೆರಿಕ್ ರೂಪವನ್ನು 24,000 ಡಾಲರ್‌ಗೆ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಲೂಸಿಯಾನಾ ರಾಜ್ಯ ಆಸ್ಟ್ರೇಲಿಯಾದ ಮಾದರಿಯನ್ನೇ ಹಿಡಿದು ತನ್ನ ಮೆಡಿಕೇಡ್ ಮತ್ತು ಜೈಲುಗಳಿಗೆ ಚಂದಾ ರೂಪದ ಒಪ್ಪಂದ ಮಾಡಿಕೊಂಡಿತು.

2022ರ ಆಗಸ್ಟ್‌ನ ಕಾನೂನು ಮೆಡಿಕೇರ್‌ಗೆ ಕೆಲವು ಔಷಧಿಗಳ ದರದ ಬಗ್ಗೆ ಮಾತುಕತೆ ನಡೆಸುವ ಅಧಿಕಾರ ಕೊಟ್ಟಿದೆ. ಮೊದಲ ಹತ್ತು ಔಷಧಿಗಳ ಹೊಸ ದರ 2026ರ ಜನವರಿಯಿಂದ ಜಾರಿ. ಆದರೆ ಅದು ಮಾರುಕಟ್ಟೆಗೆ ಬಂದು ಹಲವು ವರ್ಷ ಆದ ಔಷಧಿಗಳಿಗೆ ಮಾತ್ರ. ಸೊವಾಲ್ಡಿಯಂಥ ಮಾತ್ರೆ ನಾಳೆ ಹೊಸದಾಗಿ ಬಂದರೆ ಮೊದಲ ದಿನದ ದರ ಇಡುವುದು ಈಗಲೂ ಕಂಪನಿಯೇ.

2023ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹತ್ತು ವರ್ಷದ ಲೆಕ್ಕ ಕೊಟ್ಟಿತು. ಮಾತ್ರೆ ಬಂದ 2013ರಿಂದ 2022ರವರೆಗೆ ಸೋಂಕು ಪತ್ತೆಯಾದವರಲ್ಲಿ ವೈರಸ್ ಹೋಗಿದೆ ಅಂತ ದಾಖಲಾದದ್ದು ಸುಮಾರು ಮೂರನೇ ಒಂದು ಭಾಗ ಜನಕ್ಕೆ ಮಾತ್ರ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಸಿ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ದರ್ಜೆ ಮುಟ್ಟಿದ ಮೊದಲ ದೇಶ ಅಂತ ಈಜಿಪ್ಟ್‌ನ ಹೆಸರು ಘೋಷಿಸಿತು.